ಮೈಸೂರಿನಲ್ಲಿ ಆನ್‌ಲೈನ್ ಕೋರ್ಸ್ ರಚನೆ

ಆನ್‌ಲೈನ್ ಕೋರ್ಸ್ ರಚನೆ ಎಂದರೆ ಪಾಠ, ವಿಡಿಯೊ, ಅಸೈನ್‌ಮೆಂಟ್, ರಸಪ್ರಶ್ನೆ, ಅಂಕಪಟ್ಟಿಗಳನ್ನು ಕಲಿಕಾ ನಿರ್ವಹಣಾ ವ್ಯವಸ್ಥೆಯಲ್ಲಿ, ಅಂದರೆ ಎಲ್‌ಎಂಎಸ್‌ನಲ್ಲಿ, ಕ್ರಮವಾಗಿ ಜೋಡಿಸುವ ಕೆಲಸ. ಉತ್ತರದ ಕೆಸರೆಯಿಂದ ಪಶ್ಚಿಮದ ಮಾನಸಗಂಗೋತ್ರಿಯವರೆಗೆ ಹರಡಿರುವ ಮೈಸೂರಿನಲ್ಲಿ ಈ ವಿದ್ಯೆಯ ಬೇರು ಕಂಪ್ಯೂಟರಿಗಿಂತ ಹಳೆಯದು. ವಿದ್ಯಾರ್ಥಿ ಎದುರಿಗಿಲ್ಲದಾಗ ಪಾಠ ಹೇಳುವುದು ಹೇಗೆಂಬುದನ್ನು ಇಲ್ಲಿನ ಅಧ್ಯಾಪಕರು ಮೊದಲು ಕಲಿತದ್ದು ಅಂಚೆಯ ಮೂಲಕ.

ಹಿನ್ನೆಲೆ

ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. ಅದರ ಮುಂದುವರಿಕೆಯಾಗಿ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮುಕ್ತ ವಿಶ್ವವಿದ್ಯಾನಿಲಯಗಳ ಪಾಠಪುಸ್ತಕಕ್ಕೆ ತನ್ನದೇ ಕಟ್ಟು ಉಂಟು. ಪಠ್ಯವನ್ನು ಬ್ಲಾಕುಗಳಾಗಿ, ಬ್ಲಾಕನ್ನು ಘಟಕಗಳಾಗಿ ಒಡೆಯುತ್ತಾರೆ. ಘಟಕದ ಮೊದಲಿಗೆ ಉದ್ದೇಶ, ನಡುವೆ ವಿವರಣೆ, ಕೊನೆಗೆ ಸಾರಾಂಶ ಮತ್ತು ಸ್ವಯಂ ಪರೀಕ್ಷೆಯ ಪ್ರಶ್ನೆಗಳು. ಎಲ್‌ಎಂಎಸ್‌ನ ಕೋರ್ಸು ಬಹುಮಟ್ಟಿಗೆ ಇದೇ ಕಟ್ಟನ್ನು ಅನುಸರಿಸುತ್ತದೆ.

ತಂತ್ರಾಂಶದ ಬೆಳವಣಿಗೆ

ಕಂಪ್ಯೂಟರಿನಲ್ಲಿ ಪಾಠ ನಡೆಸುವ ಆರಂಭದ ದೊಡ್ಡ ಪ್ರಯೋಗ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ (1960). ಆಸ್ಟ್ರೇಲಿಯದ ಮಾರ್ಟಿನ್ ಡೌಗಿಯಾಮಾಸ್ 2002ರ ಆಗಸ್ಟ್‌ನಲ್ಲಿ ಮೂಡಲ್ ಎಂಬ ಎಲ್‌ಎಂಎಸ್‌ನ ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಅದು ಮುಕ್ತ ತಂತ್ರಾಂಶವಾದ್ದರಿಂದ ಪರವಾನಗಿಗೆ ದುಡ್ಡು ಕೊಡಲಾಗದ ಕಾಲೇಜುಗಳಿಗೂ ದಕ್ಕಿತು.

ಭಾರತದಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಯೋಜನೆಯಡಿ ಆನ್‌ಲೈನ್ ಪಾಠಗಳನ್ನು ಕೈಗೆತ್ತಿಕೊಂಡವು. 2017ರ ಜುಲೈ 9ರಂದು ಸ್ವಯಂ ಎಂಬ ರಾಷ್ಟ್ರೀಯ ಆನ್‌ಲೈನ್ ಕೋರ್ಸುಗಳ ವೇದಿಕೆ ಉದ್ಘಾಟನೆಯಾಯಿತು. ವಿಡಿಯೊ, ಓದುವ ಸಾಮಗ್ರಿ, ಸ್ವಮೌಲ್ಯಮಾಪನ, ಚರ್ಚೆ ಎಂಬ ನಾಲ್ಕು ಭಾಗಗಳಲ್ಲಿ ಅಲ್ಲಿ ಕೋರ್ಸು ಸಿದ್ಧವಾಗಬೇಕು. ಮಾನಸಗಂಗೋತ್ರಿಯ ಶೈಕ್ಷಣಿಕ ಬಹುಮಾಧ್ಯಮ ಸಂಶೋಧನಾ ಕೇಂದ್ರ (ಇಎಂಎಂಆರ್‌ಸಿ), ಸ್ವಯಂ ಕೋರ್ಸುಗಳನ್ನು ತಯಾರಿಸುವ ಕೇಂದ್ರಗಳಲ್ಲಿ ಒಂದು.

ಕೊರೊನಾ ಕಾಲದಲ್ಲಿ ಕೋರ್ಸು ರಚನೆಯ ಕೆಲಸ ಪರಿಣತರ ಸ್ಟುಡಿಯೊದಿಂದ ಸಾಮಾನ್ಯ ಅಧ್ಯಾಪಕರ ಮೇಜಿಗೆ ಬಂತು. 2021ರಲ್ಲಿ ಚಾಲನೆಗೊಂಡ ಕರ್ನಾಟಕ ಎಲ್‌ಎಂಎಸ್ 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜು, 87 ಪಾಲಿಟೆಕ್ನಿಕ್ ಹಾಗೂ 14 ಎಂಜಿನಿಯರಿಂಗ್ ಕಾಲೇಜುಗಳನ್ನು ಉದ್ದೇಶಿಸಿತ್ತು. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಕಲಿಯಲು ಅವಕಾಶ ಕೊಟ್ಟಿತು.

ರಚನೆಯ ಕ್ರಮ

ಮೂಡಲ್‌ನಲ್ಲಿ ಕೋರ್ಸು ಕಟ್ಟುವವರು ಮೊದಲು ಎಡಿಟಿಂಗ್ ಆನ್ ಮಾಡಿ, ವಾರ ಅಥವಾ ವಿಷಯಕ್ಕೆ ತಕ್ಕಂತೆ ವಿಭಾಗಗಳನ್ನು ಮಾಡಿಕೊಳ್ಳುತ್ತಾರೆ. ಪ್ರತಿ ವಿಭಾಗಕ್ಕೂ ಫೈಲು, ಪುಟ, ಅಸೈನ್‌ಮೆಂಟ್, ರಸಪ್ರಶ್ನೆ ಸೇರಿಸುತ್ತಾರೆ. ಪ್ರಶ್ನೆಗಳನ್ನು ಪ್ರಶ್ನೆಕೋಶದಲ್ಲಿಟ್ಟರೆ ಮುಂದಿನ ವರ್ಷವೂ ಬಳಸಬಹುದು. ಒಂದು ಘಟಕ ಮುಗಿದ ಮೇಲಷ್ಟೇ ಮುಂದಿನದು ತೆರೆಯುವಂತೆ ಷರತ್ತು ಹಾಕಬಹುದು. ಕೊನೆಗೆ ವಿದ್ಯಾರ್ಥಿಯ ಪಾತ್ರಕ್ಕೆ ಬದಲಾಯಿಸಿಕೊಂಡು ಕೋರ್ಸನ್ನು ಒಮ್ಮೆ ನೋಡಬೇಕು. ಅಧ್ಯಾಪಕರಿಗೆ ಕಾಣುವ ಪುಟವೇ ವಿದ್ಯಾರ್ಥಿಗೂ ಕಾಣುತ್ತದೆಂಬ ಖಾತರಿಯಿಲ್ಲ.

ಕನ್ನಡದ ತೊಡಕುಗಳು

ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಟಿಪ್ಪಣಿಯನ್ನು ಹಾಗೆಯೇ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ತಿದ್ದಬೇಕು. ಕಿರು ಉತ್ತರದ ಪ್ರಶ್ನೆಗೆ ಅಧ್ಯಾಪಕರು 'ಬಸವಣ್ಣ' ಎಂದಷ್ಟೇ ಸರಿಯುತ್ತರ ಕೊಟ್ಟಿದ್ದರೆ, 'ಬಸವೇಶ್ವರ' ಎಂದು ಬರೆದವರಿಗೆ ಯಂತ್ರ ಸೊನ್ನೆ ಹಾಕುತ್ತದೆ. ಒಪ್ಪಬಹುದಾದ ರೂಪಗಳನ್ನೆಲ್ಲ ಮೊದಲೇ ತುಂಬಿಸಬೇಕು.

ಮೌಲ್ಯ

ಪಿಡಿಎಫ್ ಏರಿಸಿ ಬಿಟ್ಟರೆ ಅದು ಕಡತಗಳ ಕಪಾಟು, ಕೋರ್ಸಲ್ಲ. ಉದ್ದೇಶ ಹೇಳಿ, ಅಭ್ಯಾಸ ಕೊಟ್ಟು, ತಪ್ಪಿದ ಉತ್ತರಕ್ಕೆ ಕಾರಣವನ್ನೂ ಬರೆದಿಟ್ಟಾಗ ಮಾತ್ರ ಒಂಟಿಯಾಗಿ ಓದುವವರಿಗೆ ಗುರುವಿನ ನೆರವು ಸಿಗುತ್ತದೆ. ಹಗಲು ದುಡಿದು ರಾತ್ರಿ ಮೊಬೈಲಿನಲ್ಲಿ ಓದುವ ಕೆಸರೆಯ ವಿದ್ಯಾರ್ಥಿಗೂ ದಕ್ಕುವಂತೆ ಕನ್ನಡದಲ್ಲಿ ಕೋರ್ಸು ಕಟ್ಟುವುದು ಇಂದಿನ ಅಧ್ಯಾಪಕ ತರಬೇತಿಯ ಮುಖ್ಯ ಭಾಗವಾಗಬೇಕು.