ಕನ್ಕಷನ್ (ಹದಿಹರೆಯದಲ್ಲಿ)

ತಲೆಗೋ ಕತ್ತಿಗೋ ಬಿದ್ದ ಏಟಿನ ರಭಸಕ್ಕೆ ಮಿದುಳು ಅಲುಗಿ, ಅದರ ಕೆಲಸ ಕೆಲಕಾಲ ಏರುಪೇರಾಗುವ ಸ್ಥಿತಿ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಸಿ.ಟಿ. ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ತಲೆನೋವು, ತಲೆಸುತ್ತು, ಬೆಳಕು ಸದ್ದು ಸಹಿಸಲಾಗದಿರುವುದು, ಸಿಡುಕು ಮುಖ್ಯ ಲಕ್ಷಣಗಳು. ಏಟು ಬಿದ್ದ ಮೇಲೆ ಹದಿಮೂರರ ಮಗು ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದರೆ ಅದೂ ಲಕ್ಷಣವೇ; ಸೋಮಾರಿತನವೆಂದು ಗದರಬಾರದು.

ತುರ್ತು ಚಿಹ್ನೆಗಳು

ಮೇಲಿಂದ ಮೇಲೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ತೊದಲು, ಕೈಕಾಲು ಸೋಲುವುದು, ಎಬ್ಬಿಸಿದರೂ ಏಳದಿರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದೆಹಲಿಯ ಪೂರ್ವ ಕಿದ್ವಾಯಿ ನಗರದವರಿಗೆ ರಿಂಗ್ ರಸ್ತೆ ದಾಟಿದರೆ ಏಮ್ಸ್; ಅದರ ಜಯಪ್ರಕಾಶ ನಾರಾಯಣ ಅಪೆಕ್ಸ್ ಟ್ರಾಮಾ ಸೆಂಟರ್ ಕೂಡ ಅದೇ ರಸ್ತೆಯ ಮೇಲಿದೆ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಇದೆ.

ವಿಶ್ರಾಂತಿ

ಏಟು ಬಿದ್ದವರನ್ನು ಮಲಗಲು ಬಿಡಬಾರದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ವೈದ್ಯರು ನೋಡಿ ಅಪಾಯವಿಲ್ಲವೆಂದ ಮೇಲೆ ನಿದ್ದೆಯೇ ಮದ್ದು. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಅತಿರೇಕ ವೈದ್ಯರಿಂದಲೇ ಬಂದದ್ದು: ಕತ್ತಲ ಕೋಣೆ, ಪುಸ್ತಕವಿಲ್ಲ, ಗೆಳೆಯರಿಲ್ಲ, ಲಕ್ಷಣ ಪೂರ್ತಿ ಮಾಯವಾಗುವ ತನಕ ಹಾಸಿಗೆ. 2015ರಲ್ಲಿ ಪ್ರಕಟವಾದ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 11ರಿಂದ 22 ವರ್ಷದವರ ಮೇಲೆ ನಡೆದ ಪರೀಕ್ಷೆಯಲ್ಲಿ, ಐದು ದಿನ ಕಟ್ಟುನಿಟ್ಟಿನ ವಿಶ್ರಾಂತಿ ಪಡೆದವರೇ ಒಂದೆರಡು ದಿನ ವಿಶ್ರಮಿಸಿದವರಿಗಿಂತ ಹೆಚ್ಚು ತೊಂದರೆ ಹೇಳಿಕೊಂಡರು. ಅಮೆರಿಕದ ಬಫಲೋ ನಗರದ ಸಂಶೋಧಕರ 2019ರ ಅಧ್ಯಯನ ಮತ್ತೂ ಮುಂದೆ ಹೋಯಿತು. ಗಾಯಗೊಂಡ ಮೊದಲ ವಾರದಲ್ಲೇ ಹಗುರ ವ್ಯಾಯಾಮ ಶುರುಮಾಡಿದ ಹದಿಹರೆಯದವರು ಸುಮಾರು 13 ದಿನಕ್ಕೆ ಚೇತರಿಸಿಕೊಂಡರೆ, ಬರಿಯ ಮೈಸಡಿಲಿಸುವ ಕಸರತ್ತು ಮಾಡಿದವರಿಗೆ 17 ದಿನ ಬೇಕಾಯಿತು. ದಿನಗಳ ಅಂತರ ಸಣ್ಣದು. ಆದರೆ ಓಡಾಟದಿಂದ ಕೆಡುಕಾಗಲಿಲ್ಲ ಎಂಬುದೇ ದೊಡ್ಡ ಮಾತು. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಕ್ರೀಡಾ ಕನ್ಕಷನ್ ತಜ್ಞರ ಒಮ್ಮತದ ನಿಲುವೂ ಇದೇ: 24ರಿಂದ 48 ಗಂಟೆ ಸಾಪೇಕ್ಷ ವಿಶ್ರಾಂತಿ, ಮೊಬೈಲು ಟೀವಿ ಕಡಿಮೆ, ಮನೆಯೊಳಗಿನ ಸಣ್ಣಪುಟ್ಟ ಕೆಲಸ, ನಡಿಗೆ. ನಡೆದಾಗ ತಲೆನೋವು ತುಸು ಹೆಚ್ಚಿ ಒಂದು ಗಂಟೆಯೊಳಗೆ ಇಳಿದರೆ ಹೆದರಬೇಕಿಲ್ಲ.

ಶಾಲೆ, ಆಟ

ಮೊದಲು ಶಾಲೆ, ಆಮೇಲೆ ಆಟ. ಅರ್ಧ ದಿನದ ತರಗತಿ, ನಡುನಡುವೆ ಬಿಡುವು, ಪರೀಕ್ಷೆಗೆ ಹೆಚ್ಚಿನ ಸಮಯ ಕೇಳಿಕೊಳ್ಳಬಹುದು. ಆಟಕ್ಕೆ ಮರಳಲು ಆರು ಮೆಟ್ಟಿಲು, ಒಂದೊಂದಕ್ಕೂ ಕನಿಷ್ಠ ಒಂದು ದಿನ; ಮೈಗೆ ಮೈ ತಾಗುವ ಆಟಕ್ಕೆ ವೈದ್ಯರ ಒಪ್ಪಿಗೆ ಕಡ್ಡಾಯ. ಮಿದುಳು ಚೇತರಿಸಿಕೊಳ್ಳುವ ಮುನ್ನ ಬೀಳುವ ಎರಡನೇ ಏಟು, ಅಪರೂಪಕ್ಕೆ, ಪ್ರಾಣಕ್ಕೇ ಎರವಾಗುತ್ತದೆ. ಅಂತರರಾಷ್ಟ್ರೀಯ ಕ್ರಿಕೆಟ್ 2019ರಿಂದ ಕನ್ಕಷನ್ ಆದವರ ಬದಲಿಗೆ ಬೇರೆ ಆಟಗಾರನಿಗೆ ಅವಕಾಶ ಕೊಟ್ಟಿದೆ. ಗಲ್ಲಿಯ ತಂಡಗಳೂ ಈ ರೂಢಿ ಹಿಡಿಯಬೇಕು. ನಾಲ್ಕು ವಾರ ಕಳೆದರೂ ಲಕ್ಷಣ ಉಳಿದರೆ ಕತ್ತು, ಕಣ್ಣು, ನಿದ್ದೆ, ಮನಸ್ಸು ನಾಲ್ಕನ್ನೂ ತಪಾಸಣೆ ಮಾಡಿಸಬೇಕು.