ಹಳ್ಳಿಯ ಹಾಡಿಗೆ ದರಬಾರಿನ ಉಡುಪು

ಹಳ್ಳಿಯ ಹಾಡು ದುಡಿಮೆಯೊಡನೆ ಹುಟ್ಟಿ, ಬಾಯಿಂದ ಬಾಯಿಗೆ ಹರಿದು ಬರತಕ್ಕದ್ದು. ಅದನ್ನು ವಿದ್ವತ್ಸಭೆಗೆ ಕರೆತಂದು ಮನ್ನಿಸಬೇಕೆಂಬ ಆಸೆಯು ಸಹಜವಾದುದೇ. ಆದರೆ ಆ ಮನ್ನಣೆಯೇ ಒಮ್ಮೊಮ್ಮೆ ನಗೆಗೆ ಎಡೆಗೊಡುವುದುಂಟು. ಸ್ಕಾಟ್ಲೆಂಡಿನ ಸಂಗೀತ ಚರಿತ್ರೆಯಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವಿದೆ.

ಎಡಿನ್‌ಬರೋ ನಗರದಲ್ಲಿ ಜಾರ್ಜ್ ಥಾಮ್ಸನ್ (1757–1851) ಎಂಬ ಗುಮಾಸ್ತನಿದ್ದನು. ಅಲ್ಲಿಯ ಗಾನಸಭೆಗಳಲ್ಲಿ ಟೆಂಡೂಚಿಯೆಂಬ ಇಟಲಿಯ ಗಾಯಕನು ಸ್ಕಾಟ್ ಪದಗಳನ್ನು ಹಾಡುತ್ತಿದ್ದುದನ್ನು ಕೇಳಿ ಅವನು ಮನಸೋತನು. ಸ್ವದೇಶದ ಹಾಡಿನ ಸವಿಯು ಪರದೇಶಿಯ ಕಂಠದಿಂದ ತಿಳಿದುಬಂದುದೇ ಈ ಕಥೆಯ ಮೊದಲ ವಿನೋದ. ಥಾಮ್ಸನನು 1793ರಲ್ಲಿ ಈ ಹಾಡುಗಳ ಸಂಪುಟಗಳನ್ನು ಪ್ರಕಟಿಸತೊಡಗಿದನು. ಹಳೆಯ ಮಾತುಗಳು ಒರಟೆಂದು ತೋರಿದೆಡೆ ಕವಿಗಳಿಂದ ನಯವಾದ ಪದ್ಯಗಳನ್ನು ಬರೆಯಿಸಿದನು. ಧಾಟಿಗಳಿಗೆ ಪಿಯಾನೊ, ಪಿಟೀಲು, ಚೆಲ್ಲೊಗಳ ಪಕ್ಕವಾದ್ಯವನ್ನು ಅಳವಡಿಸಲು ಪ್ಲೇಯೆಲ್, ಹೈಡನ್ ಮೊದಲಾದ ಪ್ರಸಿದ್ಧರನ್ನು ಆಶ್ರಯಿಸಿದನು.

ಅವರಲ್ಲಿ ಬೇಥೋವನನೂ ಒಬ್ಬನು. 1809ರಿಂದ 1820ರವರೆಗೆ ಅವನು ಸ್ಕಾಟ್, ಐರಿಷ್, ವೆಲ್ಷ್ ಮೊದಲಾದ ಸುಮಾರು 180 ಹಾಡುಗಳನ್ನು ಅಳವಡಿಸಿದನು. ಅವನಿದ್ದುದು ದೂರದ ವಿಯೆನ್ನಾದಲ್ಲಿ. ಥಾಮ್ಸನನು ಅನೇಕ ವೇಳೆ ಬರಿಯ ಧಾಟಿಯನ್ನು ಕಳುಹಿಸುತ್ತಿದ್ದನೇ ಹೊರತು ಸಾಹಿತ್ಯವನ್ನಲ್ಲ. ಬೇಥೋವನನು ಮಾತುಗಳನ್ನೂ ಕಳುಹಿಸೆಂದು ಬೇಡಿದನು. ಹಾಡಿನಲ್ಲಿರುವುದು ವಿರಹವೋ ಕುಡುಕರ ಗೋಷ್ಠಿಯೋ ತಿಳಿಯದೆ ಪಕ್ಕವಾದ್ಯವನ್ನು ಹೆಣೆಯುವುದೆಂದರೆ, ಬೀಸುವ ಪದಕ್ಕೂ ಲಾಲಿಗೂ ಒಂದೇ ತಾಳ ಹಾಕಿದಂತಲ್ಲವೆ? ಕುರುಬನ ನಾಲ್ಕು ಸಾಲಿನ ಪದಕ್ಕೆ ಮೊದಲು ಮೂರು ವಾದ್ಯಗಳ ಗಂಭೀರವಾದ ಪೀಠಿಕೆ. ಕುರಿಮಂದೆಯು ಬರುವ ಮುನ್ನ ಅರಸನ ಸವಾರಿ ಬಂದಂತೆ.

ಥಾಮ್ಸನನ ಗಿರಾಕಿಗಳಾದರೋ ಮನೆಯಲ್ಲಿ ಪಿಯಾನೊ ಕಲಿಯುವ ತರುಣಿಯರು. ಪಕ್ಕವಾದ್ಯವು ಅವರ ಬೆರಳಿಗೆ ಮೀರಿದುದೆಂದು ಅವನು ಸರಳಗೊಳಿಸುವಂತೆ ಕೋರಿದನು. ಬರೆದುದನ್ನು ತಿದ್ದುವ ರೂಢಿ ತನಗಿಲ್ಲವೆಂದು 1813ರಲ್ಲಿ ಬೇಥೋವನನು ಉತ್ತರವಿತ್ತನು. ತಿದ್ದುವುದಕ್ಕೆ ಬದಲಾಗಿ ಒಂಬತ್ತು ಹಾಡುಗಳನ್ನು ಹೊಸದಾಗಿ ಬರೆದನು. 25 ಸ್ಕಾಟ್ ಗೀತೆಗಳ ಅವನ ಸಂಪುಟವು 1818ರಲ್ಲಿ ಹೊರಬಂದಿತು. ಥಾಮ್ಸನನಿಗೆ ಈ ವ್ಯವಹಾರದಿಂದ ನಷ್ಟವೇ ಆಯಿತು.

ಈ ನಗೆಯ ಹಿಂದೆ ಒಂದು ನೋವೂ ಇದೆ. ಥಾಮ್ಸನನ ಸಂಪುಟಗಳಿಗೆ ನೂರಕ್ಕೂ ಮಿಕ್ಕಿ ಹಾಡುಗಳನ್ನು ಕೊಟ್ಟವನು ಕವಿ ರಾಬರ್ಟ್ ಬರ್ನ್ಸ್. ದೇಶದ ಹಾಡಿನ ಸಹಜ ಲಕ್ಷಣಗಳನ್ನು ಕೆಡಿಸಬಾರದೆಂದು ಅವನು ಮೊದಲೇ ಎಚ್ಚರಿಸಿದ್ದನು. ನಾಡಿನ ಸೇವೆಯೆಂದು ಬಗೆದು ಹಣವನ್ನು ನಿರಾಕರಿಸಿದ್ದ ಅವನು 1796ರ ಜುಲೈಯಲ್ಲಿ, ಸಾಲಗಾರನ ಭಯದಿಂದ ಕಂಗೆಟ್ಟು, ಸಾವಿಗೆ ಕೆಲವೇ ದಿನಗಳ ಮುಂಚೆ, ಥಾಮ್ಸನನಲ್ಲಿ ಐದು ಪೌಂಡುಗಳನ್ನು ಯಾಚಿಸಬೇಕಾಯಿತು. ಹಣವು ಬಂದಿತು, ಆದರೆ ಅದೇ ತಿಂಗಳಿನ 21ರಂದು ಕವಿಯು ತೀರಿಕೊಂಡನು. ಮುಂದೆ ವಿಯೆನ್ನಾದ ವಿದ್ವಾಂಸನಿಗೆ ಅದೇ ಕೆಲಸಕ್ಕಾಗಿ ಚಿನ್ನದ ನಾಣ್ಯಗಳು ಸಂದವು.

ಬೇಥೋವನನ ಅಳವಡಿಕೆಗಳು ಸಂಗೀತದ ದೃಷ್ಟಿಯಿಂದ ತಿರಸ್ಕಾರಯೋಗ್ಯವಲ್ಲ. ಅವುಗಳಲ್ಲಿ ಕೆಲವು ಬಹು ಸುಂದರವಾಗಿವೆ. ಅವು ಹಾಸ್ಯಾಸ್ಪದವಾಗುವುದು ಹಾಡಿನ ಮಾತನ್ನೂ ಹಾಡುವವರ ಬಾಳನ್ನೂ ಬಿಟ್ಟು ಧಾಟಿಯೊಂದನ್ನೇ ಸಿಂಗರಿಸಿದ ಎಡೆಯಲ್ಲಿ. ಪದವನ್ನು ಸಭೆಗೆ ತರುವವರು ಅದನ್ನು ಕಟ್ಟಿ ಹಾಡಿದವರ ಮನೆಯ ಒಲೆಯನ್ನೂ ಒಮ್ಮೆ ನೋಡಿಬರುವುದು ಲೇಸು.