ಹೊಳೆಯ ನೆನಪು: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಬುಡಕಟ್ಟು ಕಲೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 500 ಮಿ.ಮೀ. ಆಸುಪಾಸು. ಇಂಥ ಒಣಸೀಮೆಯ ಬುಡಕಟ್ಟುಗಳಾದ ಮ್ಯಾಸಬೇಡರ, ಕಾಡುಗೊಲ್ಲರ ಹಾಡು, ಕಥನ, ಆಚರಣೆಗಳಲ್ಲಿ ನೀರಿನ ನೆನಪು ದಟ್ಟವಾಗಿದೆ. ಇಬ್ಬರೂ ದನ, ಕುರಿ ಕಾಯ್ದವರು. ಹುಲ್ಲು, ನೀರು ಕಂಡ ಕಡೆಗೆ ಮಂದೆ ಹೊಡೆದುಕೊಂಡು ಹೋದವರು. ವೇದಾವತಿ ಮತ್ತು ಚಿನ್ನಹಗರಿ ಈ ಸೀಮೆಯ ಮುಖ್ಯ ಹೊಳೆಗಳು.

ಚಿನ್ನಹಗರಿಯ ದಂಡೆಯ ಬದುಕು ಬಲು ಹಳೆಯದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದರು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ನುಣುಪು ಕಲ್ಲುಕೊಡಲಿಗಳ ಕಾಲದ ನೆಲೆಯೂ ಬೃಹತ್ ಶಿಲಾ ಸಮಾಧಿಗಳೂ ಸಿಕ್ಕವು. ಅಲ್ಲಿ ಬಾಳಿದವರ ವಂಶಸ್ಥರು ಇಂದಿನ ಬುಡಕಟ್ಟಿನವರೇ ಎಂದು ಹೇಳಲಾಗದು, ಆದರೆ ಎರಡು ಕಾಲದವರೂ ನೆಚ್ಚಿದ ಹಳ್ಳ ಒಂದೇ.

ಮ್ಯಾಸಬೇಡರ ದೇವರು ಪೆಟ್ಟಿಗೆಯಲ್ಲಿರುತ್ತದೆ. ಹಬ್ಬ ಬಂತೆಂದರೆ ಪೆಟ್ಟಿಗೆ ಹೊತ್ತು, ಉರುಮೆ ಬಾರಿಸುತ್ತ ಹೊಳೆಗೆ ನಡೆಯುತ್ತಾರೆ. ಹರಿಯುವ ನೀರಿದ್ದರೆ ಸರಿ, ಇಲ್ಲದಿದ್ದರೆ ಮರಳನ್ನು ಕೈಯಿಂದ ಬಗೆದು ಚಿಲುಮೆ ತೋಡುತ್ತಾರೆ. ಮೊದಲು ಬರುವುದು ಕದಡು. ಅದನ್ನು ಮೊಗೆದು ಚೆಲ್ಲಿ, ತಿಳಿ ಒಸರುವವರೆಗೆ ಕಾಯಬೇಕು. ಆ ನೀರಿನಲ್ಲಿ ದೇವರನ್ನು ತೊಳೆದು ಗಂಗಾಪೂಜೆ ಮಾಡುತ್ತಾರೆ. ಮೇಲೆ ಬತ್ತಿದ ಹೊಳೆ ಕೆಳಗೆ ಜೀವಂತವಿದೆ ಎಂಬ ತಿಳಿವಳಿಕೆ ತಲೆಮಾರಿನಿಂದ ತಲೆಮಾರಿಗೆ ದಾಟಿರುವುದು ಹೀಗೆ.

ಕಾಡುಗೊಲ್ಲರಲ್ಲಿ ನೆನಪು ದಾಟಿಸುವ ಕೆಲಸ ಹಾಡಿನದು. ಜುಂಜಪ್ಪ, ಎತ್ತಪ್ಪರಂಥ ವೀರರ ಕಥನಗಳು ಮಂದೆಯ ಹಿಂದೆಯೇ ಸಾಗುತ್ತವೆ. ಜುಂಜಪ್ಪನ ಕಥೆಗೆ ಗಣೆ ಎಂಬ ಉದ್ದನೆಯ ಬಿದಿರು ಕೊಳಲಿನ ಜತೆಯಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬಾರದಿದ್ದರೂ ಸಾವಿರಾರು ಪದಗಳು ನಾಲಿಗೆಯ ಮೇಲಿದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವನ್ನು ಬರೆದುಕೊಂಡು ‘ಸಾವಿರದ ಸಿರಿಬೆಳಗು’ ಎಂಬ ಸಂಕಲನ ತಂದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಈ ಅಜ್ಜಿಗೆ ನಾಡೋಜ ಗೌರವ ನೀಡಿತು. ಕರ್ನಾಟಕದ ಯಾವ ಗ್ರಂಥಾಲಯಕ್ಕೂ ಕಡಿಮೆಯಿಲ್ಲದ ಸಂಪತ್ತು ಆ ಹಾಡುಗಳು.

ನೀರಿನ ನೆನಪು ಬುಡಕಟ್ಟುಗಳಿಗಷ್ಟೇ ಸೀಮಿತವಲ್ಲ. ಇದೇ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಸಂತ ತಿಪ್ಪೇರುದ್ರಸ್ವಾಮಿ ನೆನಪಿನಲ್ಲಿ ಉಳಿದಿರುವುದು ಪವಾಡಗಳಿಂದಷ್ಟೇ ಅಲ್ಲ, ಜನರಿಂದ ಕೆರೆ ಕಟ್ಟಿಸಿದ್ದರಿಂದ.

ಹೊಳೆ ಬತ್ತಿದ್ದಕ್ಕೆ ಮಳೆಯೊಂದೇ ಕಾರಣವಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ ಅಣೆಕಟ್ಟು (ವಾಣಿವಿಲಾಸ ಸಾಗರ) 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ತುಂಬಿ ಹರಿದದ್ದು 2022ರಲ್ಲಿ. ನಡುವಿನ ದಶಕಗಳಲ್ಲಿ ಕೆಳಗಿನ ಚಳ್ಳಕೆರೆ ಸೀಮೆಗೆ ಉಳಿದದ್ದು ಬಹುಪಾಲು ಮರಳೇ. ಆ ಮರಳಿಗೂ ಲಾರಿಗಳು ಬಂದವು. ಹರಿವಿಲ್ಲದ ವರ್ಷಗಳಲ್ಲಿ ಗಂಗಾಪೂಜೆಯನ್ನು ಉಳಿಸಿದ್ದು ಒಡಲಲ್ಲಿ ತೇವ ಹಿಡಿದಿಡುವ ಮರಳು. ಅದನ್ನು ತಳಮಟ್ಟ ಬಳಿದು ಸಾಗಿಸಿದ ಕಡೆ ಚಿಲುಮೆ ತೋಡಲು ಜಾಗವಿರುವುದಿಲ್ಲ.